ಒಂದು ಸೀಟು, ಎರಡು ದಾರ

ಪಕ್ಕದ ಬೀದಿಯ ಟ್ಯಾಕ್ಸಿಯಮ್ಮನ ಸುದ್ದಿ ದಿಂಬಿನಜ್ಜಿಯ ಕಿವಿಗೆ ಮೊದಲು ಬಿದ್ದದ್ದು ಸೊಸೆಯ ಬಾಯಿಂದ. ಅಜ್ಜಿ ಬಾಗಿಲ ಬೆಳಕಿಗೆ ಕೂತು ಹತ್ತಿ ಬಿಡಿಸುತ್ತಿದ್ದಳು. ಗಂಡ ಹೋದಮೇಲೆ ಹಾಸಿಗೆ, ದಿಂಬು ಹೊಲಿದೇ ಸಂಸಾರವನ್ನು ದಡ ಮುಟ್ಟಿಸಿದವಳು. ಅವಳ ನಿಜವಾದ ಹೆಸರು ಬೀದಿಗೆ ಮರೆತೇಹೋಗಿತ್ತು.

“ಅತ್ತೆ, ಆ ಟ್ಯಾಕ್ಸಿ ಓಡಿಸೋಳಿಗೆ ಇನ್ನೊಂದು ದಿಂಬು ಬೇಕಂತೆ. ಕತ್ತು ಹಿಡ್ಕೊಂಡು ಕೊಕ್ಕರೆ ಥರ ನಡೀತಾಳೆ, ಪಾಪ.”

“ಇನ್ನೊಂದಾ? ಈಗಾಗಲೇ ಎಷ್ಟಿವೆ?”

“ಕೇಳ್ಬೇಡಿ. ಅದು ಕಾರೋ, ಬಾಣಂತಿ ಕೋಣೆಯೋ ಗೊತ್ತಾಗಲ್ಲ.”

ಮಾರನೆಯ ಮಧ್ಯಾಹ್ನ ಅವಳೇ ಬಂದಳು. ಗಿಡ್ಡ ಆಳು, ಚುರುಕು ಮಾತು, ಕತ್ತು ಮಾತ್ರ ಮರದ ಕೊರಡು. ಅಳತೆಯಿಲ್ಲದೆ ಹೊಲಿಯುವುದು ಅಜ್ಜಿಯ ಜಾಯಮಾನವಲ್ಲ. “ಕಾಲು ನೋಡದೆ ಚಪ್ಪಲಿ ಹೊಲೀತಾರೇನೇ? ನಡಿ, ಕಾರು ತೋರಿಸು” ಎಂದು ಟೇಪು ಹಿಡಿದು ಎದ್ದಳು.

ಕಾರಿನೊಳಗೆ ಬೆನ್ನಿಗೆ ಎರಡು ದಿಂಬು, ಕೆಳಗೊಂದು, ಕತ್ತಿಗೆ ಸುತ್ತಿದ ಟವೆಲ್ಲು. ಅಷ್ಟಿದ್ದೂ ಟ್ಯಾಕ್ಸಿಯಮ್ಮ ಮುಂದಕ್ಕೆ ಕತ್ತು ಚಾಚಿಯೇ ಕೂತಿದ್ದಳು. ಹೆಡ್‌ರೆಸ್ಟ್ ಅವಳ ನೆತ್ತಿಗಿಂತ ಮೇಲೆ, ದೂರದಲ್ಲಿ, ಬೇರೆ ಯಾರಿಗೋ ಕಾಯುತ್ತಿರುವ ಹಾಗೆ ನಿಂತಿತ್ತು.

“ಇದು ಯಾರ ಅಳತೆ?”

“ನಮ್ಮ ಯಜಮಾನ್ರದು. ಹಗಲು ನಾನು ಓಡಿಸ್ತೀನಿ, ಸಂಜೆಯಿಂದ ಅವರು.”

ಅವಳ ಗಂಡನನ್ನು ಬೀದಿಯವರು ಏಣಿ ಅನ್ನುತ್ತಿದ್ದರು, ಅಷ್ಟು ಎತ್ತರ. ಒಮ್ಮೆ ಇವಳು ಸೀಟು ಮುಂದಕ್ಕೆಳೆದಿದ್ದಾಗ ಅವನ ಮೊಣಕಾಲು ಸ್ಟೇರಿಂಗಿಗೆ ಬಡಿದಿತ್ತಂತೆ. “ದುಡಿಯೋ ಗಂಡಸಿನ ಸೀಟು ಎಳೆದಾಡ್ತೀಯಾ?” ಎಂದು ಅವಳ ಅತ್ತೆ ಮನೆ ತಲೆಕೆಳಗು ಮಾಡಿದ್ದಳು. ಅಂದಿನಿಂದ ಇವಳು ಸೀಟು ಸರಿಸುವ ಸರಳಿಗೆ ಕೈ ಹಚ್ಚಿರಲಿಲ್ಲ. ದಿಂಬು ಮಾತ್ರ ಒಂದೊಂದೇ ಏರಿದವು.

“ದೊಡ್ಡಮ್ಮ, ಈ ನೋವು ಹೋಗದಿದ್ರೆ ಮನೇಲಿ ಹಗಲಿಗೆ ಬೇರೆ ಡ್ರೈವರ್ ಇಡ್ತಾರಂತೆ. ಆಮೇಲೆ ನನಗೆ ಒಲೆ ಮುಂದಿನ ಜಾಗವೇ ಗತಿ” ಎಂದಳು ಟ್ಯಾಕ್ಸಿಯಮ್ಮ.

“ಗಂಡನ ಅಂಗಿ ಹಾಕ್ಕೊಂಡು ತೋಳಿಗೆ ಹತ್ತಿ ತುರುಕ್ತಾರೇನೇ ಹುಚ್ಚಿ? ತೆಗಿ ಇವನ್ನೆಲ್ಲ! ತಾಳು, ಮೊದಲು ಅವನ ಜಾಗ ಗುರುತು ಮಾಡೋಣ.”

ಸೀಟಿನ ಅಂಚಿಗೆ ಸರಿಯಾಗಿ ನೆಲದ ಕಾರ್ಪೆಟ್ಟಿಗೆ ಅಜ್ಜಿ ಬಿಳಿ ದಾರದಿಂದ ಒಂದು ಹೊಲಿಗೆ ಹಾಕಿದಳು. ಆಮೇಲೆ ಪೆಡಲಿಗೆ ಕಾಲು ನಿರಾಯಾಸ ಎಟಕುವಷ್ಟು ಸೀಟು ಮುಂದಕ್ಕೆ ಬಂತು. ಒರಗು ನೆಟ್ಟಗಾಯಿತು. ಹೆಡ್‌ರೆಸ್ಟ್ ಕಟಕಟನೆ ಇಳಿದು ತಲೆಯ ಹಿಂದೆ ನೆತ್ತಿಯ ಸಮಕ್ಕೆ ನಿಂತಿತು. ಉಳಿದದ್ದು ಕೆಳಗಿನ ತೆಳು ದಿಂಬೊಂದೇ.

ಟ್ಯಾಕ್ಸಿಯಮ್ಮ ಉಸಿರು ಬಿಟ್ಟಳು. “ಅಯ್ಯೋ ದೊಡ್ಡಮ್ಮಾ! ಹೊತ್ತಿದ್ದ ಮೂಟೆ ಇಳಿಸಿದಂಗಾಯ್ತು.”

ಅಲ್ಲಿ ಕೆಂಪು ದಾರ ಬಿತ್ತು. “ನಿನಗೆ ಕೆಂಪು, ಅವನಿಗೆ ಬಿಳಿ. ಹೆಡ್‌ರೆಸ್ಟ್ ನಿನಗೆ ಪೂರ್ತಿ ಕೆಳಗೆ, ಅವನಿಗೆ ಪೂರ್ತಿ ಮೇಲೆ. ಒರಗು ಅವನೇ ಬಾಗಿಸ್ಕೊಳ್ಳಲಿ, ಅವನಿಗೇನು ಕೈಯಿಲ್ವಾ?”

ಮರುದಿನ ಏಣಿ ಬಾಗಿಲಲ್ಲಿ ತಲೆ ತಗ್ಗಿಸಿ ಒಳಬಂದ. ಜಗಳಕ್ಕೇ ಬಂದನೆಂದು ಅಜ್ಜಿ ಸೆರಗು ಸಿಕ್ಕಿಸಿಕೊಂಡಳು.

“ಸೀಟು ಬಿಳಿ ದಾರದವರೆಗೆ ಎಳೆದ್ರೆ ಸಾಕು, ಮೊಣಕಾಲು ಕ್ಷೇಮ” ಎಂದ ಅವನು, ದನಿ ಇಳಿಸಿದ: “ಅವಳು ನರಳ್ತಿದ್ದದ್ದು ನನ್ನ ಸೀಟಿಂದ ಅಂತ ಗೊತ್ತಿರ್ಲಿಲ್ಲ ದೊಡ್ಡಮ್ಮ. ದಿಂಬು ಅಂದ್ರೆ ಇಷ್ಟ ಏನೋ ಅಂದ್ಕೊಂಡಿದ್ದೆ.”

ಅಜ್ಜಿಗೆ ನಕ್ಕೂ ನಕ್ಕೂ ಕೆಮ್ಮು ಬಂತು.

ನೋವು ಬಂದ ಹಾಗೇ ಮೆಲ್ಲಗೆ ಹೋಯಿತು. ಬೇರೆ ಡ್ರೈವರ್ ಬರಲಿಲ್ಲ. ಟ್ಯಾಕ್ಸಿಯಮ್ಮನ ಅತ್ತೆ ಮಾತ್ರ “ಸತ್ರೂ ಸೊಸೆ ಓಡಿಸೋ ಕಾರು ಹತ್ತಲ್ಲ” ಎಂಬ ಶಪಥ ಬಿಟ್ಟಿರಲಿಲ್ಲ.

ಎಷ್ಟೋ ಕಾಲದ ಮೇಲೆ ಅವರು ಊರಿನ ಆ ತುದಿಗೆ ಮನೆ ಬದಲಿಸಿದರು. ಸಾಮಾನಿನ ಲಾರಿಯಲ್ಲಿ ಏಣಿ ಮುಂದೆ ಹೋಗಿದ್ದ. ಅಜ್ಜಿಯ ಬಾಗಿಲಲ್ಲಿ ಹಾರನ್ ಕೇಳಿಸಿತು. ನೋಡಿದರೆ ಮುಂದಿನ ಸೀಟಿನಲ್ಲಿ, ಟ್ಯಾಕ್ಸಿಯಮ್ಮನ ಪಕ್ಕದಲ್ಲಿ, ಮುಖ ಆ ಕಡೆ ತಿರುಗಿಸಿ ಅತ್ತೆ ಕೂತಿದ್ದಾಳೆ!

ಟ್ಯಾಕ್ಸಿಯಮ್ಮ ಕಿಟಕಿಯಿಂದ ಕತ್ತು ಸಲೀಸಾಗಿ ಹೊರಳಿಸಿ ಕೇಳಿದಳು:

“ದೊಡ್ಡಮ್ಮ, ಸ್ವಲ್ಪ ಸೂಜಿ ತರ್ತೀರಾ? ಈ ಸೀಟಿಗೂ ಒಂದು ಗುರುತು ಬೇಕು. ಹಸಿರು ದಾರ ಇದೆಯಾ?”