ಅವಳಿಗೆ ದಮ್ಮು ಇರಲಿಲ್ಲ

ಅವಳ ಉಸಿರು ಮೊದಲ ಸಲ ನಿಂತದ್ದು ಹೊಸಕೋಟೆಯಲ್ಲಿ, ನೀಲಿ ಮ್ಯಾಟಿನ ಮೇಲೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಆ ವರ್ಷ ಹೊಸಕೋಟೆಯಲ್ಲಿ ನಾವು ಕಬಡ್ಡಿ ಆಡಿದ್ದು ಮಣ್ಣಿನ ಮೇಲೆ. ನನ್ನ ಮೊಣಕೈಯಲ್ಲಿ ಅಲ್ಲಿನ ಕಲೆ ಇನ್ನೂ ಇದೆ, ಮ್ಯಾಟು ಹಾಗೆ ತರಚುವುದಿಲ್ಲ. ನೀಲಿ ಬಣ್ಣ ಎಲ್ಲಿಂದ ಬಂದು ಸೇರಿಕೊಂಡಿತೋ ಗೊತ್ತಿಲ್ಲ. ನಾನು ನಂಬುವುದು ಕೈಯ ನೆನಪನ್ನು ಮಾತ್ರ. ಎದುರಾಳಿ ನುಗ್ಗಿ ಬಂದಾಗ ಕಬಡ್ಡಿಯಲ್ಲಿ ಇಬ್ಬಿಬ್ಬರು ಕೈ ಹಿಡಿದು ನಿಲ್ಲುತ್ತೇವೆ. ನಾನು ಎಡ ಮೂಲೆ, ನನ್ನ ಪಕ್ಕ ಅವಳು. ಅವಳ ಎಡಗೈ ನನ್ನ ಬಲಗೈಯಲ್ಲಿ. ಆ ದಿನ ಅದು ತಣ್ಣಗಿತ್ತು, ಒದ್ದೆಯಾಗಿತ್ತು.

ಆಮೇಲೆ ಅವಳು ರೇಡಿಗೆ ಹೋದಳು. ಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡು ಕಬಡ್ಡಿ ಕಬಡ್ಡಿ ಎನ್ನುತ್ತ ಒಳಗೆ ನುಗ್ಗಿದಳು. ಎದುರಿನವರು ಇನ್ನೂ ಮುಟ್ಟಿಯೇ ಇರಲಿಲ್ಲ, ಅವಳ ದನಿ ನಿಂತಿತು. ಬಾಯಿ ಆಡುತ್ತಿತ್ತು, ಸದ್ದಿಲ್ಲ. ಅಂಪೈರ್ ಸೀಟಿ ಊದಿ ವಾಪಸ್ಸು ಕಳಿಸಿದರು. ಅಂಕ ಎದುರಿನವರಿಗೆ ಹೋಯಿತು. ನಮ್ಮ ಕೋಚ್ ಸರ್ ಗೆರೆಯಾಚೆಯಿಂದ ಕೂಗಿದರು: "ಏನಮ್ಮಾ, ದಮ್ ಇಲ್ವಾ?"

ದೊಡ್ಡಬಳ್ಳಾಪುರದ ನಮ್ಮ ತಂಡದಲ್ಲಿ ಅವಳಂಥ ರೇಡರ್ ಇನ್ನೊಬ್ಬಳಿರಲಿಲ್ಲ. ಸಾಸಲು ಕಡೆಯ ಹುಡುಗಿ, ಮನೆಯಲ್ಲಿ ಹಸು, ರಾಗಿ, ಡೈರಿಗೆ ಹಾಲು. ನಾನು ಊರೊಳಗಿನ ಮಗ್ಗದ ಬೀದಿಯವಳು. ಮಗ್ಗದ ಸದ್ದಿನಲ್ಲಿ ಬೆಳೆದದ್ದರಿಂದ ಕಿರುಚಿ ಮಾತಾಡುವ ಅಭ್ಯಾಸ. "ನೀನು ರೇಡಿಗೆ ಬಂದ್ರೆ ನೆಲಮಂಗಲಕ್ಕೂ ಕೇಳುತ್ತೆ ಕಣೇ" ಎಂದು ಅವಳು ನಗುತ್ತಿದ್ದಳು. ರಾಜ್ಯ ತಂಡದ ಆಯ್ಕೆ ಹತ್ತಿರವಿತ್ತು. ಅಲ್ಲಿ ಸಿಕ್ಕರೆ ಕ್ರೀಡಾ ಕೋಟಾದಲ್ಲಿ ಕೆಲಸ, ಆಟದ ಜೊತೆ ಸ್ವಂತದ್ದೊಂದು ಬದುಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಉಸಿರು ಯಾಕೆ ನಿಂತಿತು? ಹಿಂದಿನ ಪಂದ್ಯದಲ್ಲಿ ಅವಳ ಮೇಲೆ ಐದಾರು ಜನ ಬಿದ್ದಿದ್ದರು ಎಂದು ಒಮ್ಮೆ ಹೇಳುತ್ತೇನೆ. ಆಯ್ಕೆಯ ಭಯ ಎಂದು ಇನ್ನೊಮ್ಮೆ. ಎರಡೂ ನಾನು ಆಮೇಲೆ ತಂದು ಅಂಟಿಸಿದ ಕಾರಣಗಳಿರಬಹುದು. ಅವಳು ಏನನ್ನೂ ಹೇಳಿರಲಿಲ್ಲ.

ಮನೆಯಲ್ಲಿ ಮಾತ್ರ ಹೇಳಿದ್ದಳು: "ಅವ್ವಾ, ದಮ್ ಕಟ್ತದೆ."

ನಮ್ಮ ಕಡೆ ದಮ್ಮು ಎಂದರೆ ಕಬಡ್ಡಿಯಲ್ಲಿ ಬಿಡದೆ ಹಿಡಿಯುವ ಉಸಿರು. ದಮ್ಮು ಎಂದರೆ ಧೈರ್ಯ. ದಮ್ಮು ಎಂದರೆ ಉಬ್ಬಸದ ಕಾಯಿಲೆಯೂ ಹೌದು. ಅವಳು ಹೇಳಿದ್ದು ಮೊದಲನೆಯದು. ಕೋಚ್ ಸರ್ ಕೇಳಿಸಿಕೊಂಡದ್ದು ಎರಡನೆಯದು. ಅವಳ ಅವ್ವನಿಗೆ ಕೇಳಿಸಿದ್ದು ಕಾಯಿಲೆ, ಯಾಕೆಂದರೆ ಅವರ ತಾಯಿ ಆ ಕಾಯಿಲೆಯಲ್ಲೇ ಗೋಡೆಗೆ ಒರಗಿ ಕೂತು ಕೂತು ತೀರಿಕೊಂಡಿದ್ದರು. ಅವ್ವ ಮಗಳನ್ನು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಜ್ಜಿಯ ಕಥೆ ಕೇಳಿದ ಡಾಕ್ಟರು, ಇಟ್ಟುಕೊಂಡಿರಲಿ ಎಂದು ಬಾಯಿಗಿಟ್ಟು ಸೇದುವ ಪಂಪು ಬರೆದುಕೊಟ್ಟರು.

ಅದೇ ಹೊತ್ತಿಗೆ ನಮ್ಮ ಕ್ಯಾಂಪಿಗೆ ಬೆಂಗಳೂರಿನಿಂದ ಒಬ್ಬರು ಮೇಡಂ ಬಂದರು. ಸ್ಪೋರ್ಟ್ಸ್ ಸೈಕಾಲಜಿಸ್ಟ್ ಎಂದು ಕೋಚ್ ಸರ್ ಪರಿಚಯ ಮಾಡಿಸಿದಾಗ ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು.

"ಕಣ್ಣು ನೋಡ್ಬೇಡ ಕಣೇ, ಮನಸ್ಸಲ್ಲಿರೋದೆಲ್ಲ ಓದ್ಬಿಡ್ತಾರೆ."

"ನಿನ್ ಮನಸ್ಸಲ್ಲಿ ಬಿರಿಯಾನಿ ಬಿಟ್ರೆ ಏನೈತೆ ಓದೋಕೆ?"

ಮೇಡಂಗೂ ಕೇಳಿಸಿತು, ಅವರೂ ನಕ್ಕರು. ಭಾಷಣ ಮಾಡಲಿಲ್ಲ. ನಾವು ಆಡುವುದನ್ನು ನೋಡುತ್ತ ಕೂತರು. ಸಂಜೆ ಅವಳನ್ನು ಪಕ್ಕಕ್ಕೆ ಕರೆದರು. ಒಬ್ಬಳೇ ಹೋಗಲು ಹೆದರಿ ಅವಳು ನನ್ನನ್ನೂ ಎಳೆದುಕೊಂಡು ಹೋದಳು. ಉಸಿರು ಯಾಕೆ ನಿಲ್ಲುತ್ತದೆ ಎಂದು ಮೇಡಂ ಕೇಳಲಿಲ್ಲ. "ಮೊದ್ಲು ಏನಾಗುತ್ತೆ? ಕೈ ತಣ್ಣಗಾಗುತ್ತಾ? ಕಿವಿ ಮುಚ್ಚಿದ ಹಾಗಾಗುತ್ತಾ?" ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಎಲ್ಲಕ್ಕಿಂತ ಮೊದಲು ಶ್ವಾಸಕೋಶದ ಪರೀಕ್ಷೆ ಮಾಡಿಸಿ ಬನ್ನಿ ಎಂದರು. ಮಾಡಿಸಿದೆವು. ಏನೂ ತೊಂದರೆ ಇರಲಿಲ್ಲ.

"ನಿಮ್ಮ ಉಸಿರು ಖಾಲಿ ಆಗ್ತಿಲ್ಲ," ಎಂದರು ಮೇಡಂ. "ಜಾಸ್ತಿ ಆಗ್ತಿದೆ. ಭಯಕ್ಕೆ ಎಳ್ಕೊಂಡು ಎಳ್ಕೊಂಡು ತುಂಬಿಸ್ಕೊಳ್ತೀರ, ಬಿಡೋದೇ ಇಲ್ಲ. ಮೊದ್ಲು ಪೂರ್ತಿ ಬಿಡಿ."

ಕಲಿಸಿದ್ದು ಸಣ್ಣ ಸಣ್ಣ ಕೆಲಸಗಳನ್ನು. ಗೆರೆ ಮುಟ್ಟುವಾಗ ಉದ್ದವಾಗಿ ಉಸಿರು ಬಿಡುವುದು. ಮೊದಲ ಕಬಡ್ಡಿಯನ್ನು ತಗ್ಗಿದ ದನಿಯಲ್ಲಿ ಹೇಳುವುದು. ಭಯ ಬಂದರೆ ಓಡಿಸಲು ಹೋಗದೆ, ಬಂತು ಎಂದುಕೊಂಡು ಮುಂದಿನ ಹೆಜ್ಜೆಯನ್ನಷ್ಟೇ ನೋಡುವುದು. ಮೈದಾನ ಸುತ್ತಿಸಿ, ಎದೆ ಹೊಡೆದುಕೊಳ್ಳುತ್ತಿರುವಾಗಲೇ ರೇಡಿಗೆ ಕಳಿಸುತ್ತಿದ್ದರು. ನಮಗೂ ಪಾಠವಿತ್ತು. "ಹೆದರ್ಬೇಡ ಅನ್ಬೇಡಿ, ಹೆದರಿಕೆ ತಪ್ಪು ಅನ್ಸುತ್ತೆ. ಏನು ಮಾಡ್ಬೇಕೋ ಅದನ್ನ ನೆನಪಿಸಿ." ಹಾಗಾಗಿ ಅವಳು ಗೆರೆ ದಾಟುವಾಗ ನಾವೆಲ್ಲ ಒಟ್ಟಿಗೆ "ಬಿಡು! ಬಿಡು!" ಎಂದು ಕೂಗತೊಡಗಿದೆವು. ಆವತಿಯಲ್ಲಿ ಅಭ್ಯಾಸ ಪಂದ್ಯ ನೋಡಲು ಬಂದಿದ್ದ ತಾತನೊಬ್ಬರು, "ಇದ್ಯಾವ ಟೀಮ್ ಗುರು, ತಮ್ಮೋಳಿಗೇ ಬಿಡು ಬಿಡು ಅಂತವೆ" ಎಂದು ಬೆರಗಾದರು. ಆ ಪಂದ್ಯದಲ್ಲಿ ಅವಳ ಉಸಿರು ಒಮ್ಮೆಯೂ ಮುರಿಯಲಿಲ್ಲ. ಒಮ್ಮೆಯೂ ಇಲ್ಲ ಎಂದೆನಲ್ಲ, ಒಂದು ಸಲ ತಡವರಿಸಿದ್ದಳು. ಆದರೆ ತಾನೇ ಸರಿಮಾಡಿಕೊಂಡು ಗೆರೆ ಮುಟ್ಟಿ ಬಂದಳು. ಗೆಲುವಿಗಿಂತ ಅದು ಮೇಡಂಗೆ ಹೆಚ್ಚು ಖುಷಿ ಕೊಟ್ಟಿತ್ತು. "ಆಟ ಇರ್ಲಿ ಬಿಡ್ಲಿ, ಇದು ಇನ್ನು ನಿಮ್ದೇ," ಎಂದಿದ್ದರು.

ಕೋಚ್ ಸರ್ ಒಳ್ಳೆಯವರು. ಸಂತೋಷ ತಡೆಯಲಾರದೆ ಸಾಸಲಿಗೆ ಫೋನು ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. "ಅಮ್ಮಾ, ನಿಮ್ಮ ಮಗಳಿಗೆ ದಮ್ಮುಗಿಮ್ಮು ಏನೂ ಇಲ್ಲ. ಸೈಕಾಲಜಿ ಮೇಡಂ ನೋಡವ್ರೆ. ಬರೀ ಮನಸ್ಸಿಂದು ಅಷ್ಟೇ!"

ಮಾರನೆಯ ದಿನದಿಂದ ಅವಳು ಬರಲಿಲ್ಲ.

ಎರಡು ದಿನ ಕಾದು ನಾನು ಬಸ್ಸು ಹತ್ತಿದೆ. ಅವಳ ಅವ್ವ ಕೊಟ್ಟಿಗೆಯ ಮುಂದೆ ಕೂತಿದ್ದರು. ಬೈಯಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟರು.

"ಅಲ್ಲ ಕಣವ್ವಾ, ದಮ್ಮು ಅಂದ್ರೆ ನಾಕು ಜನಕ್ಕೆ ಹೇಳ್ಕೋಬೌದು. ಔಷ್ದಿ ಐತೆ. ನಮ್ಮವ್ವಂಗೂ ಇತ್ತು, ಊರಿಗೇ ಗೊತ್ತು. ಮನಸ್ಸಿನ ಡಾಕ್ಟ್ರಿಗೆ ತೋರ್ಸವ್ರೆ ಅಂದ್ರೆ ನನ್ ಮಗಳನ್ನ ಯಾರ್ ಮಾಡ್ಕೋತಾರೆ?"

"ಅವ್ರು ಹುಚ್ಚಿಗೆ ನೋಡೋ ಡಾಕ್ಟ್ರಲ್ಲ ಅಮ್ಮ. ಆಟದೋರಿಗೇ ಅಂತ ಇರೋರು. ಎಲ್ಲಾ ದೊಡ್ಡ ಟೀಮಲ್ಲೂ ಇರ್ತಾರೆ."

"ಇರ್ಲವ್ವಾ. ದೊಡ್ಡೋರಿಗೆ ನಡೀತದೆ."

"ಪರೀಕ್ಷೇಲಿ ಏನೂ ಇಲ್ಲ ಅಂತ ಬಂದೈತಲ್ಲ! ದಮ್ಮು ಅಂದ್ಕೊಂಡು ಕೂತ್ರೆ ಆಟ ಹೋಯ್ತು, ಕೆಲಸ ಹೋಯ್ತು."

"ಹೋಗ್ಲಿ. ಹೆಸ್ರು ಉಳೀತದೆ."

ಅವಳು ಬಾಗಿಲಲ್ಲಿ ನಿಂತಿದ್ದಳು. ನನ್ನ ದನಿ ಏರಿತ್ತು, ಪಕ್ಕದ ಮನೆಯವರು ಇಣುಕತೊಡಗಿದ್ದರು. ಆಗ ಅವಳು ಒಳಗೆ ಹೋಗಿ ಆ ಪಂಪು ತಂದು, ನಮ್ಮಿಬ್ಬರ ಮುಂದೆಯೇ ಬಾಯಿಗಿಟ್ಟು ಒತ್ತಿ ಸೇದಿದಳು. ಅವ್ವ ಮಾತು ನಿಲ್ಲಿಸಿದರು. ನಾನೂ ನಿಲ್ಲಿಸಿದೆ. ಸೇದುವಾಗ ಅವಳು ನನ್ನನ್ನು ನೋಡುತ್ತಿದ್ದಳು ಎಂದು ಬಹಳ ಕಾಲ ನಂಬಿದ್ದೆ. ಈಗ ನೆನಪು ಮಾಡಿಕೊಂಡರೆ ಅವಳ ಕಣ್ಣು ಮುಚ್ಚಿತ್ತು. ಜಗಳ ನಿಲ್ಲಿಸಲು ಹಾಗೆ ಮಾಡಿದಳೋ, ಅವ್ವನಿಗೆ ಒಪ್ಪಿಗೆ ಕೊಟ್ಟಳೋ, ನಿಜವಾಗಿಯೂ ಆ ಕ್ಷಣ ಉಸಿರು ಕಟ್ಟಿತ್ತೋ ನನಗೆ ತಿಳಿಯದು. ಮೂರೂ ಇದ್ದಿರಬಹುದು. ಆಯ್ಕೆಗೆ ನಾವು ಅವಳಿಲ್ಲದೆ ಹೋದೆವು. ನನ್ನ ಬಲಗೈಗೆ ಬೇರೆ ಹುಡುಗಿಯನ್ನು ಹಾಕಿದರು.

ಕಳೆದ ವರ್ಷ ದೇವನಹಳ್ಳಿಯ ಒಂದು ಮದುವೆಯಲ್ಲಿ ಅವಳು ಸಿಕ್ಕಳು. ಮೈ ತುಂಬಿಕೊಂಡಿದ್ದಳು. ಜೊತೆಗೆ ಅತ್ತೆ. ಊಟದ ಹಾಲ್ ಮೇಲಿನ ಮಹಡಿಯಲ್ಲಿತ್ತು. ಅತ್ತೆ ನನಗೆ ಹೇಳಿದರು: "ನಮ್ ಹುಡುಗೀಗೆ ದಮ್ಮು ಕಣಮ್ಮಾ. ಗೊತ್ತಿದ್ದೇ ತಂದ್ಕೊಂಡ್ವಿ. ಒಲೆ ಮುಂದೆ ಕೂರ್ಸಲ್ಲ, ಭಾರ ಎತ್ಸಲ್ಲ." ಆ ಮಾತಿನಲ್ಲಿ ನಿಜವಾದ ಅಕ್ಕರೆ ಇತ್ತು, ಅದೇ ನನಗೆ ಸಹಿಸಲಾಗಲಿಲ್ಲ. ಅತ್ತೆ ಎಲೆ ಹಿಡಿಯಲು ಮುಂದೆ ಹೋದರು. ಅವಳು ಕಂಬಿ ಹಿಡಿದು ಮೆಟ್ಟಿಲ ನಡುವೆ ನಿಂತಳು. ನಾನು ಒಂದು ಮೆಟ್ಟಿಲು ಕೆಳಗೆ ನಿಂತೆ.

"ಇನ್ನೂ ಆಡ್ತೀಯೇನೇ?"

"ಇಲ್ಲ. ಈಗ ಆಡುಸ್ತೀನಿ, ಸ್ಕೂಲ್ ಹುಡುಗೀರ್ನ."

"ಮೇಡಂ ಬರ್ತಾರಾ?"

"ಆಗಾಗ ಬರ್ತಾರೆ. ನಿನ್ನ ಕೇಳ್ತಿರ್ತಾರೆ."

ಅವಳು ಕಂಬಿಗೆ ಒರಗಿ ದಾರಿ ಬಿಟ್ಟಳು. ನಮ್ಮ ಪಕ್ಕದಲ್ಲಿ ಜನ ಹತ್ತಿ ಹೋಗುತ್ತಿದ್ದರು.

"ಹುಡುಗೀರ್ಗೆ ಹೇಳು. ಮೇಡಂ ಹೇಳ್ಕೊಟ್ಟಿದ್ದೆಲ್ಲ ಕಲೀಲಿ. ಮನೇಲಿ ಮಾತ್ರ ಹೇಳ್ಬೇಡಿ ಅನ್ನು."

ಅದನ್ನು ನಾನು ಹುಡುಗಿಯರಿಗೆ ಇನ್ನೂ ಹೇಳಿಲ್ಲ. ಅವರ ಮನೆಗಳಿಗೆ ನಾನೇ ಹೋಗುತ್ತೇನೆ, ಅಮ್ಮಂದಿರ ಜೊತೆ ಕೂರುತ್ತೇನೆ, ಮೇಡಂ ವಿಷಯ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಹಸುವಿನ ಬಗ್ಗೆ ಮಾತಾಡಿ ಬರುತ್ತೇನೆ.

ಆ ದಿನ, ಅಷ್ಟರಲ್ಲಿ ಮೇಲಿಂದ ಅತ್ತೆ ಕೂಗಿದರು: "ಎಲೆ ಹಾಕವ್ರೆ, ನಿಧಾನ ಬಾರಮ್ಮ."

ಅವಳು ನಿಧಾನವಾಗಿಯೇ ಹತ್ತಿದಳು.