ಪುಸ್ತಕದ ಶಾಲೆಗೆ ವ್ಯಾನ್ ಹೋಗುತ್ತಾ?

ನಮ್ಮ ದೀಕ್ಷಾ ಕ್ಲಾಸಿನಲ್ಲಿ ಕೂತಲ್ಲೇ ಉಚ್ಚೆ ಹೊಯ್ದುಕೊಂಡಳು. ಅದಕ್ಕೆ ಕಾರಣ ನಾನು ಕೊಡಿಸಿದ ಒಂದು ಕಥೆ ಪುಸ್ತಕ. ನಡೆದದ್ದು ಇಷ್ಟೇ.

(ಪೇಪರಿನವರು ಇದನ್ನು ‘ಮೂತ್ರ ವಿಸರ್ಜನೆ’ ಎಂದು ತಿದ್ದುವುದು ಬೇಡ. ಮೂತ್ರ ವಿಸರ್ಜನೆ ದೊಡ್ಡವರು ಆಸ್ಪತ್ರೆಯಲ್ಲಿ ಮಾಡುವುದು. ಮಕ್ಕಳು ಮಾಡುವುದು ಉಚ್ಚೆ.)

ಆ ದಿನ ಅದಕ್ಕೆ ಬೇರೆ ಬೇರೆ ಹೆಸರು ಕೇಳಿದೆ. ಶಾಲೆಯಿಂದ ಫೋನ್ ಮಾಡಿದವರು ‘ಸಣ್ಣ ಇನ್ಸಿಡೆಂಟ್’ ಎಂದರು. ನನ್ನ ಮಗಳು ಸವಿತಾ ‘ಆಕ್ಸಿಡೆಂಟ್’ ಎಂದಳು. ಆಕ್ಸಿಡೆಂಟ್ ಎಂದರೆ ಯಾರಿಗೂ ಮುಂಚೆ ಗೊತ್ತಿಲ್ಲದೆ ಆಗುವುದು ತಾನೇ? ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಮೊದಲು ಪುಸ್ತಕದ ವಿಷಯ ಹೇಳಿಬಿಡುತ್ತೇನೆ.

ಈಚೆಗೆ ವಿಜಯನಗರದಲ್ಲಿ ಮಕ್ಕಳ ಪುಸ್ತಕಗಳ ಮಳಿಗೆ ಹಾಕಿದ್ದರು. ತರಕಾರಿಗೆ ಹೋದವಳು ಒಳಗೆ ಇಣುಕಿದೆ. ಮಾರುವ ಹುಡುಗಿ ಒಂದು ತೆಳ್ಳನೆಯ ಪುಸ್ತಕ ಕೈಗೆ ಕೊಟ್ಟಳು.

“ತಗೊಳಿ ಅಜ್ಜಿ, ಇದ್ರಲ್ಲಿ ರಾಜ, ರಾಣಿ, ರಾಕ್ಷಸ ಏನೂ ಇಲ್ಲ. ರಿಯಲಿಸ್ಟಿಕ್. ಮಕ್ಕಳ ಡೈಲಿ ಸ್ಕೂಲ್ ಲೈಫ್.”

ಶಾಲೆಗೆ ಹೋಗುವ ಮಗುವಿಗೆ ಶಾಲೆಯ ಕಥೆ ಯಾಕೆ ಬೇಕು ಅನ್ನಿಸಿತು. ಗಾರ್ಮೆಂಟ್ಸಿಗೆ ಹೋಗುತ್ತಿದ್ದ ನನಗೆ ಯಾರಾದರೂ ಗಾರ್ಮೆಂಟ್ಸಿನ ಕಥೆ ಕೊಟ್ಟಿದ್ದರೆ ಎಸೆಯುತ್ತಿದ್ದೆ. ಆದರೂ ತಂದೆ. ಅಕ್ಷರ ದಪ್ಪಗಿತ್ತು, ಅದಕ್ಕೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ದೀಕ್ಷಾ ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕನ್ನಡ ಓದುವುದರಲ್ಲಿ ಇಬ್ಬರೂ ಒಂದೇ ದರ್ಜೆ. (ಈ ಅಂಕಣದ ತಪ್ಪು ತಿದ್ದುವುದು ಸವಿತಾ ಎಂದು ನಿಮಗೆ ಗೊತ್ತೇ ಇದೆ.) ಸಂಜೆ ಮೆಟ್ಟಿಲ ಮೇಲೆ ಕೂತು, ಬೆರಳಿಟ್ಟುಕೊಂಡು, ಅವಳೊಂದು ಸಾಲು, ನಾನೊಂದು ಸಾಲು.

ಸುಳ್ಳು ಯಾಕೆ ಹೇಳಲಿ, ಪುಸ್ತಕ ಚೆನ್ನಾಗಿತ್ತು. ಅದರಲ್ಲಿ ಒಬ್ಬಳು ಹುಡುಗಿ. ಪೆನ್ಸಿಲ್ ಕಳೆದುಕೊಳ್ಳುತ್ತಾಳೆ. ಟಿಫಿನ್ ಬಾಕ್ಸ್ ಕೆಡವುತ್ತಾಳೆ. ಪಕ್ಕದವಳ ಜೊತೆ ಟೂ ಬಿಡುತ್ತಾಳೆ. ಬೆಂಚು, ಬೋರ್ಡು, ನೀರಿನ ಬಾಟಲಿ ಎಲ್ಲ ದೀಕ್ಷಾ ಕ್ಲಾಸಿನಲ್ಲಿ ಇರುವಂಥದ್ದೇ. “ಅಜ್ಜೀ, ನಮ್ಮ ಹಾಗೇ ಇದಾಳೆ!” ಎಂದು ಇವಳು ಪುಟಪುಟಕ್ಕೂ ಕುಣಿಯುವಳು.

ಮೂರನೇ ಅಧ್ಯಾಯದಲ್ಲಿ ಆ ಹುಡುಗಿಗೆ ಪಾಠದ ಮಧ್ಯೆ ಉಚ್ಚೆಗೆ ಅವಸರವಾಗುತ್ತದೆ. ಕೇಳಲು ನಾಚಿಕೆ. ಕಾಲು ಅಲ್ಲಾಡಿಸುತ್ತಾಳೆ, ತುಟಿ ಕಚ್ಚುತ್ತಾಳೆ. ಕೊನೆಗೆ ಧೈರ್ಯ ಮಾಡಿ ಎದ್ದು ನಿಂತು ಹೇಳುತ್ತಾಳೆ. ಎಲ್ಲರೂ ನಗುತ್ತಾರೆ. ಟೀಚರ್ ನಗುವುದಿಲ್ಲ. “ಬೇಗ ಹೋಗಿ ಬಾ ಪುಟ್ಟಿ, ಇದನ್ನು ಕೇಳಲು ನಾಚಿಕೆ ಏಕೆ?” ಎನ್ನುತ್ತಾಳೆ. ಪುಟ್ಟಿ ಓಡುತ್ತಾಳೆ. ಅಧ್ಯಾಯ ಮುಗಿಯಿತು.

ಆ ಅಧ್ಯಾಯವನ್ನು ದೀಕ್ಷಾ ಮತ್ತೆ ಮತ್ತೆ ಓದಿಸಿದಳು. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಅದಾದ ಮೇಲೆ ಒಂದು ದಿನ ಫೋನು. ಬಟ್ಟೆ ತಗೊಂಡು ಬನ್ನಿ. ಸವಿತಾ ರಾಜಾಜಿನಗರದ ಸೀರೆ ಅಂಗಡಿಯಲ್ಲಿ ಬಿಲ್ಲಿಂಗಿಗೆ ಕೂತಿರುತ್ತಾಳೆ, ಮಧ್ಯೆ ಏಳುವಂತಿಲ್ಲ. ನಾನೇ ಅತ್ತಿಗುಪ್ಪೆಯಿಂದ ಆಟೋ ಹತ್ತಿದೆ.

ಆಫೀಸಿನ ಹೊರಗಿನ ಬೆಂಚಿನ ಮೇಲೆ ಯಾರದೋ ದೊಡ್ಡ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ದೀಕ್ಷಾ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳ ಒದ್ದೆ ಲಂಗವನ್ನು ಕವರಿಗೆ ಹಾಕಿ ಗಂಟು ಕಟ್ಟುತ್ತಿದ್ದ ಆಯಾ ನನ್ನನ್ನು ನೋಡಿ ಎದ್ದಳು.

“ಹುಡುಗೀಗೆ ಬಯ್ಯಬ್ಯಾಡ್ರಿ ಯವ್ವಾ. ಮೂರು ಫ್ಲೋರಿಗೆ ನಾ ಒಬ್ಬಾಕೀನ ಅದೀನಿ. ಎಲ್ಲಿಗಂತ ಓಡ್ಲಿ ಹೇಳ್ರಿ?”

ಅಷ್ಟರಲ್ಲಿ ದೀಕ್ಷಾಳ ಮಿಸ್ ಬಂದಳು. ಎಳೆ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಬಯ್ಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ.

“ಆಂಟಿ, ಬ್ರೇಕ್‌ಗೆ ಇನ್ನೇನು ಸ್ವಲ್ಪ ಹೊತ್ತಿತ್ತು. ಕೂತ್ಕೋ ಅಂದೆ. ಅವಳು ಕೂರ್ಲಿಲ್ಲ. ಎದ್ದು ನಿಂತ್ಕೊಂಡು ‘ಇದನ್ನು ಕೇಳಲು ನಾಚಿಕೆ ಏಕೆ’ ಅಂತ ನಂಗೇ ಹೇಳಿದ್ಲು. ಇಡೀ ಕ್ಲಾಸು ನಗಾಡ್ತು. ಆಮೇಲೆ ಗದರಿಸಿ ಕೂರಿಸಿದೆ.”

“ಒಂದು ಸಲ ಕಳಿಸಿದ್ರೆ ನಿನ್ನ ಗಂಟು ಏನು ಹೋಗ್ತಿತ್ತಮ್ಮ?”

“ಒಬ್ಬಳನ್ನ ಬಿಟ್ರೆ ಎಲ್ಲಾ ಎದ್ದು ನಿಲ್ತಾರೆ ಆಂಟಿ.”

“ನಿಲ್ಲಲಿ. ಉಚ್ಚೆ ದೇವರು ಎಲ್ಲರಿಗೂ ಕೊಟ್ಟಿದಾನೆ.”

“ಟಾಯ್ಲೆಟ್ ಕೆಳಗಡೆ ಇರೋದು. ಆಯಾ ಇಲ್ದೆ ಮಕ್ಕಳನ್ನ ಒಬ್ಬೊಬ್ಬರನ್ನೇ ಕಳಿಸೋ ಹಾಗಿಲ್ಲ. ಏನಾದ್ರೂ ಆದ್ರೆ ಮೊದಲು ನನ್ನ ಕೆಲಸ ಹೋಗುತ್ತೆ. ಕ್ಲಾಸು ಬಿಟ್ಟು ನಾನೂ ಹೋಗೋ ಹಾಗಿಲ್ಲ.”

“ಮತ್ತೆ ನೀನು ಯಾವಾಗ ಹೋಗ್ತೀಯ?”

ಅವಳು ಆಫೀಸಿನ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. “ಕೆಂಗೇರಿಯಿಂದ ಬರ್ತೀನಿ ಆಂಟಿ. ಬೆಳಿಗ್ಗೆ ಕಾಫೀನೂ ಕುಡಿಯಲ್ಲ.”

ಜೋಡಿಸಿಟ್ಟುಕೊಂಡಿದ್ದ ಬೈಗುಳ ಬಾಯಲ್ಲೇ ಉಳಿಯಿತು. ಇವಳನ್ನು ಏನೆಂದು ಬಯ್ಯುವುದು? ಇವಳನ್ನು ನಾನು ಬಲ್ಲೆ. ಮೈಸೂರು ರೋಡಿನ ಗಾರ್ಮೆಂಟ್ಸಿನಲ್ಲಿ ನನ್ನ ಪಕ್ಕದ ಮೆಷಿನ್ನಿಗೆ ಇಂಥವಳೇ ಕೂರುತ್ತಿದ್ದಳು. ಅಲ್ಲಿ ಟಾಯ್ಲೆಟ್ಟಿಗೆ ಹೋಗಲು ನಮ್ಮ ಸಾಲಿಗೆಲ್ಲ ಒಂದೇ ಟೋಕನ್. ಟೋಕನ್ ತೆಗೆದುಕೊಂಡು ಹೋದವಳು ತಿರುಗಿ ಬಂದ ಮೇಲೇ ಇನ್ನೊಬ್ಬಳು ಹೋಗಬೇಕು. ತಡವಾದರೆ ಸೂಪರ್‌ವೈಸರ್ ಎಲ್ಲರ ಎದುರಿಗೆ, “ಏನಮ್ಮಾ, ಅಲ್ಲೇ ಮನೆ ಮಾಡ್ಕೊಂಡ್ಯಾ?” ಎನ್ನುವನು. ಉಪಾಯ ಒಂದೇ. ನೀರು ಕುಡಿಯದೆ ಬರುವುದು. ವರ್ಷಗಟ್ಟಲೆ ಹಾಗೇ ಬಂದೆವು. ಆಮೇಲೆ ಡಾಕ್ಟರ ಹತ್ತಿರ ಏನೇನು ಅನ್ನಿಸಿಕೊಂಡೆವು ಎಂಬುದು ನಿಮಗೆ ಬೇಡ, ತಿಂಡಿ ತಿನ್ನುತ್ತಾ ಓದುತ್ತಿರುತ್ತೀರಿ.

ಅದು ಕಾರ್ಖಾನೆ. ಮಗಳನ್ನು ಓದಿಸಿದರೆ ಇದೆಲ್ಲ ತಪ್ಪುತ್ತದೆ ಎಂದುಕೊಂಡಿದ್ದೆ. ಮೊಮ್ಮಗಳ ಹೊತ್ತಿಗಂತೂ ತಪ್ಪಿಯೇ ಹೋಗಿದೆ ಎಂದುಕೊಂಡಿದ್ದೆ.

ಮನೆಗೆ ಬಂದು ಸ್ನಾನ ಮಾಡಿಸಿದೆ. ಆಗ ದೀಕ್ಷಾ ಬಾಯಿ ಬಿಟ್ಟಳು.

“ಅಜ್ಜಿ, ನಾನು ಯಾವತ್ತೂ ಸ್ಕೂಲಲ್ಲಿ ನೀರು ಕುಡಿಯಲ್ಲ. ಯಾರೂ ಕುಡಿಯಲ್ಲ. ಪುಟ್ಟಿ ಕೇಳಿದ್ದಕ್ಕೆ ಟೀಚರ್ ಕಳಿಸಿದ್ರಲ್ಲ, ಅದಕ್ಕೆ ನಾನೂ ಬಾಟ್ಲಿ ಪೂರ್ತಿ ಕುಡಿದೆ.”

ದಿನಾ ಸಂಜೆ ಅವಳ ಬಾಟಲಿ ತುಂಬಿಯೇ ವಾಪಸ್ಸು ಬರುತ್ತಿತ್ತು. ನೀರು ದಂಡ ಮಾಡಬಾರದೆಂದು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದೆ. ಇಷ್ಟು ನೀರು ಯಾಕೆ ಉಳಿಯಿತು ಎಂದು ಒಂದು ದಿನವಾದರೂ ಕೇಳಿದೆನೇ? ಗಿಡ ಚೆನ್ನಾಗಿ ಬಂದಿದೆ ಎಂದು ಬೀಗುತ್ತಿದ್ದೆ.

“ಅಜ್ಜಿ, ಅವಳ ಸ್ಕೂಲ್ ಎಲ್ಲಿದೆ?”

“ಯಾರದ್ದೇ?”

“ಪುಸ್ತಕದವಳದ್ದು. ರಾಜಾಜಿನಗರದಲ್ಲಾ? ನಮ್ಮ ವ್ಯಾನ್ ಹೋಗುತ್ತಾ ಅಲ್ಲಿಗೆ?”

“ಎಲ್ಲೂ ಇಲ್ಲ ಕಣೇ ಅದು. ಯಾರೋ ಬರೆದದ್ದು.”

“ಇಲ್ಲ ಅಂದ್ರೆ ಯಾಕೆ ಬರೆದ್ರು?”

ಟವೆಲಿನಿಂದ ಅವಳ ತಲೆ ಒರೆಸತೊಡಗಿದೆ.

ನಾನು ಚಿಕ್ಕವಳಿದ್ದಾಗ ಕೇಳಿದ್ದೆಲ್ಲ ರಾಕ್ಷಸರ ಕಥೆ. ಅದರಿಂದ ಯಾರಿಗೂ ಅಪಾಯವಾಗಲಿಲ್ಲ. ರಾಕ್ಷಸನ ಕಥೆ ಕೇಳಿದ ಮಗು ಮಾರನೇ ದಿನ ರಾಕ್ಷಸನ ಎದುರು ಹೋಗಿ ನಿಲ್ಲುವುದಿಲ್ಲ. ಅತ್ತಿಗುಪ್ಪೆಯಲ್ಲಿ ರಾಕ್ಷಸರು ಸಿಗುವುದಿಲ್ಲ. ಆದರೆ ಶಾಲೆಯ ಕಥೆ ಕೇಳಿದ ಮಗು ಮಾರನೇ ದಿನ ಶಾಲೆಗೇ ಹೋಗಬೇಕು. ಅದೇ ಬೆಂಚು, ಅದೇ ಬೋರ್ಡು, ಅದೇ ಬಾಟಲಿ. ಟೀಚರೂ ಅವಳೇ ಇರುತ್ತಾಳೆ ಎಂದು ಮಗು ನಂಬಿದರೆ ತಪ್ಪು ಯಾರದು?

ಬರೆದವರದು ಎಂದು ಹೇಳಲು ನನಗೆ ಮನಸ್ಸಿಲ್ಲ. ಅವರು ಒಳ್ಳೆಯದನ್ನೇ ಬರೆದಿದ್ದಾರೆ. ನಮ್ಮ ಶಾಲೆ ಇರುವ ಹಾಗೇ ಬರೆದರೆ ಯಾರು ಕೊಳ್ಳುತ್ತಾರೆ? ಮೂರನೇ ಅಧ್ಯಾಯ: ಹುಡುಗಿಗೆ ಅವಸರವಾಯಿತು, ಕೂತಳು. ನಾಲ್ಕನೇ ಅಧ್ಯಾಯ: ಇನ್ನೂ ಕೂತಿದ್ದಾಳೆ. ಇದು ಕಥೆಯೇ? ಚಿತ್ರ ಬರೆಯುವವರಿಗೂ ಕೆಲಸವಿಲ್ಲ.

ಸಂಜೆ ಸವಿತಾ ಬಂದಳು. ಮಗಳನ್ನು ತಬ್ಬಿಕೊಂಡಳು, ಮುದ್ದು ಮಾಡಿದಳು. ದೀಕ್ಷಾ ಬಿಡಿಸಿಕೊಂಡು ಹೋಗಿ ಟೀವಿ ಮುಂದೆ ಕೂತಳು. ಪುಸ್ತಕ ಶೂ ಸ್ಟ್ಯಾಂಡಿನ ಮೇಲಿತ್ತು, ಮುಟ್ಟಲಿಲ್ಲ. “ಇವತ್ತು ನಾಲ್ಕನೇ ಅಧ್ಯಾಯ ಕಣೇ” ಎಂದೆ. “ಬೇಡ ಬಿಡು, ಬರೀ ಸುಳ್ಳು” ಎಂದಳು. ಏಳು ವರ್ಷದ ಹುಡುಗಿ, ಅರವತ್ತರವಳ ಹಾಗೆ ಹೇಳಿದಳು.

ಸವಿತಾಳನ್ನು ಅಡುಗೆಮನೆಗೆ ಕರೆದೆ. “ನಾಳೆ ಬೆಳಿಗ್ಗೆ ನಾನೇ ಹೋಗ್ತೀನಿ. ಹೆಡ್ ಮಿಸ್ಸನ್ನ ನಿಲ್ಲಿಸಿ ಕೇಳ್ತೀನಿ. ಫೀಸ್ ಕಟ್ಟಿಸ್ಕೊಳೋಕೆ ಬರುತ್ತೆ, ಇನ್ನೊಬ್ಬಳು ಆಯಾನ ಇಡೋಕೆ ಬರಲ್ವಾ?”

“ಅಮ್ಮಾ, ನೀನು ಜಗಳ ಆಡಿ ಮನೆಗೆ ಬಂದ್ಬಿಡ್ತೀಯ. ದೀಕ್ಷಾ ಅಲ್ಲೇ ಕೂತ್ಕೋಬೇಕು.”

“ಹಾಗಾದ್ರೆ ಸ್ಕೂಲ್ ಬದಲಾಯಿಸು.”

“ಯಾವುದಕ್ಕೆ? ನಾಗರಬಾವೀದು ವಿಚಾರಿಸಿದೀನಿ, ಅಲ್ಲೂ ಇದೇ. ಎಲ್ಲಾ ಕಡೆ ಇದೇ.”

“ಅಂದ್ರೆ ನಿಂಗೆ ಮೊದಲೇ ಗೊತ್ತಿತ್ತೇನೇ?”

ಸವಿತಾ ಫೋನ್ ತೆಗೆದು ತೋರಿಸಿದಳು. ಎರಡನೇ ಕ್ಲಾಸಿನ ತಾಯಂದಿರ ವಾಟ್ಸಾಪ್ ಗುಂಪು. ಬೆಳಿಗ್ಗೆ ಹಾಲು ಬೇಡ, ಒಣ ಬ್ರೆಡ್ ಕೊಡಿ. ಕಲ್ಲಂಗಡಿ ಹಣ್ಣು ಭಾನುವಾರ ಮಾತ್ರ. ಬಾಟಲಿ ಸುಮ್ಮನೆ ಹಾಕಿ ಕಳಿಸಿ, ಡೈರಿಯಲ್ಲಿ ಕಂಪಲ್ಸರಿ ಅಂತಿದೆ. ನಡುನಡುವೆ ಕೈ ಮುಗಿಯುವ ಗೊಂಬೆಗಳು, ಥ್ಯಾಂಕ್ಸುಗಳು. ಓದು ಬರಹ ಬಲ್ಲ ಹೆಂಗಸರು, ಬ್ಯಾಂಕಿನವರು, ಆಫೀಸಿನವರು ಇದ್ದಾರೆ. ಒಬ್ಬಳಾದರೂ ‘ಶಾಲೆಯನ್ನು ಕೇಳೋಣ’ ಎಂದು ಬರೆದಿರಲಿಲ್ಲ.

“ನಿನ್ನ ಅಂಗಡಿಯಲ್ಲಿ?” ಎಂದು ಕೇಳಿದೆ.

“ಏನು ನನ್ನ ಅಂಗಡಿಯಲ್ಲಿ?”

“ನೀನು ಹೋಗ್ತೀಯಾ ಮಧ್ಯೆ?”

“ಕೌಂಟರ್ ಬಿಟ್ಟು ಹೇಗಮ್ಮಾ ಹೋಗೋದು?” ಎಂದು ತಟ್ಟೆ ತೊಳೆಯಲು ತಿರುಗಿದಳು.

ಅಲ್ಲಿಗೆ ನನ್ನ ಜಗಳ ಮುಗಿಯಿತು. ಯಾರ ಜೊತೆ ಆಡಲಿ? ಮಿಸ್ ನೀರು ಕುಡಿಯುವುದಿಲ್ಲ, ಮಗಳು ಕುಡಿಯುವುದಿಲ್ಲ, ನಾನು ಕುಡಿಯಲಿಲ್ಲ. ಹೆಡ್ ಮಿಸ್ ಕುಡಿಯುತ್ತಾಳೋ ಏನೋ, ಅವಳ ರೂಮಿಗೆ ಸೇರಿದ ಹಾಗೆ ಬಾತ್‌ರೂಮ್ ಇದೆಯಂತೆ.

ಹಠ ಹಿಡಿದು ದೀಕ್ಷಾಳನ್ನು ಶಾಲೆ ಬಿಡಿಸುವೆ ಎನ್ನೋಣವೇ? ಬಿಟ್ಟವಳು ಏನಾಗುತ್ತಾಳೆ ಎಂದು ನನ್ನನ್ನು ನೋಡಿದರೆ ಗೊತ್ತಾಗುತ್ತದೆ. ಧೈರ್ಯವಾಗಿ ಮತ್ತೆ ಕೇಳು ಎಂದು ಹೇಳಿ ಕಳಿಸಲೇ? ಕೇಳಿದ್ದಕ್ಕೇ ತಾನೇ ಅವಳಿಗೆ ಹೀಗಾದದ್ದು? ಬೆಂಚಿನ ಮಕ್ಕಳು ಅವಳಿಗೆ ಆಗಲೇ ಒಂದು ಅಡ್ಡಹೆಸರು ಇಟ್ಟಿದ್ದಾರೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮಾರನೇ ಬೆಳಿಗ್ಗೆ ನಾನೇ ಎಬ್ಬಿಸಿದೆ. ಹಾಲು ಕೊಡಲಿಲ್ಲ. ಬಚ್ಚಲ ಮನೆಗೆ ಕರೆದುಕೊಂಡು ಹೋಗಿ, ತೀರಾ ಬಾಯಾರಿದಾಗ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು, ನಾಲಿಗೆ ಒದ್ದೆ ಮಾಡಿಕೊಂಡು, ನುಂಗದೆ ಉಗಿದುಬಿಡುವುದು ಹೇಗೆ ಎಂದು ಹೇಳಿಕೊಟ್ಟೆ.

ಒಂದೇ ಸಲಕ್ಕೆ ಕಲಿತಳು.