ನಂಜಮ್ಮ, ಕೋಂ ಪುಟ್ಟಸ್ವಾಮಿ

1959ರಲ್ಲಿ ನಾನು ಹಾಸನದ ಒಂದು ಗ್ರಂಥಾಲಯಕ್ಕೆ ಕ್ಯಾಟಲಾಗರ್ ಆಗಿ ಬಂದೆ. ಅದಕ್ಕೆ ಮೊದಲು ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಆರು ವರ್ಷ ಪಹಣಿ ನಕಲು ಮಾಡುತ್ತಿದ್ದವನು. ಗಂಡಸಾದರೆ ‘ಬಿನ್’ ಎಂದು ಅಪ್ಪನ ಹೆಸರು, ಮದುವೆಯಾದ ಹೆಂಗಸಾದರೆ ‘ಕೋಂ’ ಎಂದು ಗಂಡನ ಹೆಸರು. ಬರೆದು ಬರೆದು ಕೈ ಪಳಗಿತ್ತು. ಆ ಕೈಯನ್ನೇ ಗ್ರಂಥಾಲಯಕ್ಕೂ ತಂದೆ.

ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು, ಕಾರ್ಡಿನ ತಲೆಯಲ್ಲಿ ಲೇಖಕರ ಹೆಸರು. ಅದೇ ಹೆಡಿಂಗ್. ಓದುಗ ಹುಡುಕುವುದು ಅದನ್ನೇ. ಒಬ್ಬರು ಬರೆದದ್ದೆಲ್ಲ ಒಂದೇ ಹೆಡಿಂಗಿನ ಕೆಳಗೆ ಸೇರಬೇಕು, ಇನ್ನೊಬ್ಬರದು ಅಲ್ಲಿ ನುಸುಳಬಾರದು. ಒಂದೇ ಹೆಸರಿನವರು ಇಬ್ಬರಿದ್ದರೆ ಹೆಸರಿನ ಮುಂದೆ ಹುಟ್ಟಿದ ವರ್ಷ ಹಾಕಬೇಕು, ಅದು ಸಿಗದಿದ್ದರೆ ವೃತ್ತಿ. ನಿಯಮ ಇಷ್ಟೇ.

ನಮ್ಮಲ್ಲಿ ನಂಜಮ್ಮಂದಿರು ಇಬ್ಬರಾದರು. ಹೊಳೆನರಸೀಪುರದವರು ದೇವರನಾಮ ಬರೆದವರು. ಅವರು ಹುಟ್ಟಿದ ವರ್ಷ ಮುನ್ನುಡಿಯಲ್ಲೇ ಇತ್ತು. ಇನ್ನೊಬ್ಬರದು ಬಾಣಂತಿ ಆರೈಕೆಯ ಬಗ್ಗೆ ನಲವತ್ತು ಪುಟದ ಪುಸ್ತಕ. ಮೊದಲ ಪುಟದಲ್ಲಿ ‘ನಂಜಮ್ಮ, ಮಿಡ್‌ವೈಫ್, ಅರಕಲಗೂಡು’ ಎಂದು ಅಚ್ಚಾಗಿತ್ತು. ವೃತ್ತಿ ಕಣ್ಣೆದುರಿಗೇ ಇತ್ತು. ಆದರೂ ನಾನು ಅದನ್ನು ಅಚ್ಚು ಹಾಕಿದ ಪ್ರೆಸ್ಸಿಗೆ ಅಂಚೆ ಕಾರ್ಡು ಬರೆದು ಈಕೆ ಯಾರ ಹೆಂಡತಿ ಎಂದು ವಿಚಾರಿಸಿದೆ. ಉತ್ತರ ಬಂತು. ‘ನಂಜಮ್ಮ, ಕೋಂ ಪುಟ್ಟಸ್ವಾಮಿ’ ಎಂದು ಗುಂಡಗೆ ಬರೆದು, ನನ್ನ ಅಚ್ಚುಕಟ್ಟುತನಕ್ಕೆ ನಾನೇ ಬೀಗಿದೆ.

ಮರುವರ್ಷ ಆಕೆಯೇ ಬಂದರು. ನಲವತ್ತರ ಆಸುಪಾಸಿನ ಹೆಂಗಸು. ಎರಡನೆಯ ಪುಸ್ತಕ ಅಚ್ಚಾಗಿತ್ತು, ಗ್ರಂಥಾಲಯಕ್ಕೊಂದು ಪ್ರತಿ ತಂದಿದ್ದರು. ಮೊದಲನೆಯದು ಇಲ್ಲಿದೆಯೇ ಎಂದು ಕೇಳಿದರು. ನಾನು ಠೀವಿಯಿಂದ ಡ್ರಾಯರ್ ಎಳೆದು ಕಾರ್ಡು ತೋರಿಸಿದೆ. ಆಕೆ ‘ಕೋಂ ಪುಟ್ಟಸ್ವಾಮಿ’ ಎಂಬುದರ ಮೇಲೆ ಬೆರಳಿಟ್ಟರು.

ಕೇರಿ ಕೇರಿಗೂ ಹೆರಿಗೆಗೆ ಹೋಗುತ್ತಾಳೆಂದು ಗಂಡ ಹನ್ನೆರಡು ವರ್ಷದ ಹಿಂದೆ ಮನೆಯಿಂದ ಹೊರಗೆ ಹಾಕಿದ್ದನಂತೆ. ಬೇರೆ ಮದುವೆಯೂ ಆಗಿದ್ದನಂತೆ. ಆಮೇಲೆಯೇ ತರಬೇತಿ ಪಡೆದು, ಕೆಲಸ ಹಿಡಿದು, ಬರೆದದ್ದು. ಇದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿ, ಆ ಹೆಸರು ತೆಗೆಯಿರಿ ಎಂದು ಕೇಳಿದರು.

ತೆಗೆಯಬಹುದಿತ್ತು. ಇನ್ನೊಂದು ಕಾರ್ಡು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬರಹದಲ್ಲಿ ತಪ್ಪು ತೋರಿಸಲು ಈಕೆ ಯಾರು ಎಂಬ ಸಿಟ್ಟು ನೆತ್ತಿಗೇರಿತ್ತು.

“ನೋಡೀಮ್ಮ, ಇದು ದಾಖಲೆ. ಬದಲಾಯಿಸ್ಬೇಕು ಅಂದ್ರೆ ನಿಮ್ಮ ಯಜಮಾನ್ರ ಒಪ್ಪಿಗೆ ಪತ್ರ ತನ್ನಿ,” ಎಂದೆ.

ಅಂಥ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ನಿಂತ ನಿಲುವಿನಲ್ಲೇ ನಾನು ಹುಟ್ಟಿಸಿದ್ದು.

“ನಾನು ಬರೆಯೋವಾಗ ಅವ್ರು ಎಲ್ಲವ್ರೆ ಅಂತಾನೂ ನಂಗೊತ್ತಿರ್ನಿಲ್ಲ ಸಾ,” ಎಂದರು ಆಕೆ. ಮೇಜಿನ ಮೇಲಿಟ್ಟಿದ್ದ ಹೊಸ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. “ಇದು ಆ ಎಸ್ರಿನ ಕೆಳಗೆ ಬ್ಯಾಡ ಬುಡಿ.”

ನಾನು ತಡೆಯಲಿಲ್ಲ. ಅರಕಲಗೂಡಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.

1964ರಲ್ಲಿ ಡ್ರಾಯರುಗಳಿಗೆ ಗೆದ್ದಲು ಹತ್ತಿತು. ಕಾರ್ಡುಗಳನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು. ಈ ಕಾರ್ಡು ಕೈಗೆ ಬಂದಾಗ ನಾಚಿಕೆಯಾಯಿತು. ಅಷ್ಟು ವರ್ಷಗಳಲ್ಲಿ ಆಗದಿದ್ದ ನಾಚಿಕೆ. ‘ನಂಜಮ್ಮ, ಮಿಡ್‌ವೈಫ್’ ಎಂದು ಬರೆದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಹೆಡಿಂಗ್ ಸರಿಪಡಿಸಿದ್ದೇನೆ, ದಯವಿಟ್ಟು ಎರಡನೆಯ ಪುಸ್ತಕ ಕಳಿಸಿ ಎಂದು ಅರಕಲಗೂಡಿಗೆ ಕಾಗದ ಹಾಕಿದೆ.

ವಾರದೊಳಗೆ ಉತ್ತರ ಬಂತು. ಒಂದೇ ಸಾಲು. ‘ಈಗ ಬದಲಾಯಿಸಲು ಯಾರ ಒಪ್ಪಿಗೆ ಪತ್ರ ತಂದಿರಿ?’

ಪುಸ್ತಕ ಬರಲೇ ಇಲ್ಲ. ನಾನು ನಿವೃತ್ತನಾಗುವವರೆಗೂ ಆ ಹೆಡಿಂಗಿನ ಕೆಳಗೆ ಒಂದೇ ಕಾರ್ಡು ಇತ್ತು. ಒಬ್ಬರ ಹೆಸರಿಗೆ ಏನಾದರೂ ಸೇರಿಸುವ ಮೊದಲು ಆ ಹೆಸರಿನವರನ್ನು ಕೇಳಬೇಕು ಎಂಬುದನ್ನು ಆಮೇಲೆ ಬಂದ ಎಳೆಯ ಕ್ಯಾಟಲಾಗರುಗಳಿಗೆಲ್ಲ ಹೇಳಿಕೊಟ್ಟೆ. ನಾನು ಯಾರಿಂದ ಕಲಿತೆ ಎಂದು ಮಾತ್ರ ಅವರಿಗೆ ಹೇಳಲಿಲ್ಲ. ಆಕೆಯ ಪ್ರಶ್ನೆಗೂ ಉತ್ತರ ಬರೆಯಲಿಲ್ಲ.